ಡ್ರಮ್ಮಿಗೆ ಹೊದಿಸಿದ ಸೀರೆ

ಒಂದು ತಾಸಿನಲ್ಲಿ ಒಂದು ಫೋಟೋ ತೆಗೆಯುವುದು ನನ್ನಂಥ ಅನುಭವಸ್ಥನಿಗೆ ದೊಡ್ಡ ಕೆಲಸವೇ ಅಲ್ಲ. ಹೊಸ ಮೊಬೈಲು ಕೊಂಡು ಆಗಲೇ ಎಂಟು ದಿನವಾಗಿತ್ತು!

ಮಗಳ ಕುಬಸಕ್ಕೆಂದು ನಾನೂ ನನ್ನ ಹೆಂಡತಿ ಶಾಂತಾನೂ ಕುಲಗೋಡದಿಂದ ಘೋಡಗೇರಿಯ ಬೀಗರ ಮನೆಗೆ ಹೊರಟಿದ್ದೆವು. ಗೋಕಾಕದಲ್ಲಿ ಬಸ್ ಬದಲಿಸಬೇಕು. ಮುಂದಿನ ಬಸ್ಸಿಗೆ ಒಂದು ತಾಸಿತ್ತು. ಬಸುರಿ ಮಗಳು ತವರಿನ ಹಸಿರು ಸೀರೆ ಉಟ್ಟೇ ಸೀಮಂತದ ಆರತಿಗೆ ಕೂಡಬೇಕು. ಬುತ್ತಿಯ ಎಣ್ಣೆ ತಾಗೀತೆಂದು ಆ ಸೀರೆಯ ಚೀಲವನ್ನು ಶಾಂತಾ ನನ್ನ ಕೈಗೆ ಕೊಟ್ಟಿದ್ದಳು.

“ಹಳೇ ಓಣ್ಯಾಗ ಒಂದು ವಾಡೆ ಐತಿ. ಅದರ ಬಾಗಲದ್ದೊಂದು ಫೋಟೋ ಹೊಡ್ಕೊಂಡು ಬರ್ತೇನಿ,” ಎಂದೆ.

“ಸೀರಿ ಇಲ್ಲೇ ಇಟ್ಟು ಹೋಗ್ರಿ.”

“ಬುತ್ತಿ ಬಾಜೂಕನ? ಎಣ್ಣಿ ಹತ್ತಿದ್ರ ಯಾರ ಜವಾಬ್ದಾರಿ?” ಎಂದು ಗಂಭೀರವಾಗಿ ಕೇಳಿ, ಚೀಲದ ಸಮೇತ ಹೊರಟೆ.

ಬಾಗಿಲೇನೋ ಭರ್ಜರಿ. ಚೌಕಟ್ಟಿನ ತುಂಬ ಕೆತ್ತಿದ ಬಳ್ಳಿ, ಗಿಳಿ, ಹಿತ್ತಾಳೆಯ ಮೊಳೆ. ಪಕ್ಕದಲ್ಲೇ ನೀಲಿ ಪ್ಲಾಸ್ಟಿಕ್ ಡ್ರಮ್ಮು! ಎಲ್ಲಿ ನಿಂತರೂ ಅದೇ ಮುಂದೆ ಬರುತ್ತಿತ್ತು. ಸರಿಸಲು ಹೋದೆ. ತುಂಬಿದ ಡ್ರಮ್ಮು, ನನ್ನ ಸೊಂಟ ಮಾತ್ರ ಸರಿಯಿತು. ಇನ್ನು ಮುಚ್ಚುವುದೊಂದೇ ದಾರಿ. ಮುಚ್ಚಲು ಕೈಯಲ್ಲೇ ಸೀರೆಯಿತ್ತು!

ಸೀರೆ ಹೊದಿಸಿ, ನೆರಿಗೆ ಸರಿಮಾಡಿ, ಹಿಂದೆ ಸರಿದು ಮೊಬೈಲು ಹಿಡಿದೆ. ಆಗ ಒಳಗಿನಿಂದ ಒಬ್ಬ ಅಜ್ಜಿ ಬಂದರು. ಸೀರೆ ನೋಡಿದರು, ನನ್ನನ್ನು ನೋಡಿದರು.

“ನಮ್ಮ ಸೊಸಿ ತವರ ಕಡ್ಯಾವ್ರೇನ್ರಿ?”

ನನ್ನ ಗಮನವೆಲ್ಲ ಬೆಳಕಿನ ಮೇಲಿತ್ತು. “ಹೂಂ, ಹೂಂ. ಸ್ವಲ್ಪ ಬಾಜೂಕ ಸರೀರಿ,” ಎಂದೆ.

ಅಜ್ಜಿ ಸರಿಯಲಿಲ್ಲ. ಒಳಗೆ ಓಡಿದರು! ಕುಂಕುಮದ ಬಟ್ಟಲು ಬಂತು, ಅದರ ಹಿಂದೆ ಏಳು ತಿಂಗಳ ಬಸುರಿ ಸೊಸೆ ಬಂದಳು. ಡ್ರಮ್ಮಿನ ಮೇಲಿನ ಸೀರೆಗೆ ಕುಂಕುಮ ಬಿತ್ತು. ಸೀರೆ ಅವಳ ಉಡಿ ಸೇರಿತು. ಅವಳು ನನ್ನ ಕಾಲಿಗೆ ಬಿದ್ದಳು.

“ಅಪ್ಪಾ ಅವ್ವಾ ಹೋದ ಮ್ಯಾಲ ತವರಿಂದ ಯಾರೂ ಬರೂದಿಲ್ಲ ಅಂತ ತಿಳ್ಕೊಂಡಿದ್ನಿ, ಕಾಕಾ. ನಿಮ್ಮ ಗುರ್ತಾನೂ ಹತ್ತಲಿಲ್ಲ ನೋಡ್ರಿ,” ಎಂದು ಕಣ್ಣೊರೆಸಿಕೊಂಡಳು.

‘ತಾಯಿ, ಅದು ಡ್ರಮ್ಮು ಮುಚ್ಚಾಕ ಹಾಕಿದ್ದು’ ಎಂದು ಯಾವ ಬಾಯಿಂದ ಹೇಳಲಿ? ತಲೆ ಮೇಲೆ ಕೈಯಿಟ್ಟು ಹರಸಿದೆ. ಚಹಾ, ಚುರುಮುರಿ ಮುಗಿಸದೆ ಅಜ್ಜಿ ಬಿಡಲಿಲ್ಲ.

ಬಸ್ ಸ್ಟ್ಯಾಂಡಿಗೆ ಬಂದಾಗ ಬಸ್ ಹೋಗಿತ್ತು. ಶಾಂತಾ ಇದ್ದಳು.

“ಸೀರಿ ಎಲ್ಲೈತ್ರಿ?”

“ಕೊಟ್ನಿ.”

“ಯಾರಿಗ್ರಿ?”

“ಹೆಸರು ಕೇಳಲಿಲ್ಲ.”

ನಡೆದದ್ದನ್ನೆಲ್ಲ ಹೇಳಿದ ಮೇಲೆ ಶಾಂತಾ ಬುತ್ತಿ ಎತ್ತಿಕೊಂಡು ಸೀರೆ ಅಂಗಡಿಯತ್ತ ಹೊರಟೇಬಿಟ್ಟಳು. ಪೇಟೆಯಲ್ಲಿ ಕೈಗೆ ಸಿಕ್ಕ ಹಸಿರು ಸೀರೆ ಕೊಂಡು ಘೋಡಗೇರಿ ಮುಟ್ಟುವ ಹೊತ್ತಿಗೆ, ಮಗಳು ಅತ್ತೆಯ ಸೀರೆ ಉಟ್ಟು ಆರತಿ ಮಾಡಿಸಿಕೊಂಡಾಗಿತ್ತು. ಬೀಗರ ಮುಂದೆ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಶಾಂತಾ ಎಲ್ಲವನ್ನೂ ಒಂದಕ್ಷರ ಬಿಡದೆ ಹೇಳಿದಳು.

ಮಗಳು ನಕ್ಕಳು. “ಇರ್ಲಿ ಬಿಡಪ್ಪಾ, ಆಕೀನೂ ಬಸುರಿ. ನನ್ನ ಸೀರಿ ಕೊಟ್ಟು ತಗದ ಫೋಟೋನರ ತೋರ್ಸು.”

ಬೀಗರೆಲ್ಲ ಸುತ್ತ ಸೇರಿದರು. ಮೊಬೈಲು ತೆಗೆದು ಹಿಂದೆ ಮುಂದೆ ಎಲ್ಲ ಹುಡುಕಿದೆ.

ಫೋಟೋ ತೆಗೆದೇ ಇರಲಿಲ್ಲ!