ಗಿರಣಿಯ ಬಾಯಿಗೆ ಬಿದ್ದ ಮಂಗರವಳ್ಳಿ

ಮೂಳೆಗಳ ಬಗ್ಗೆ ನಾನು ಐವತ್ತಮೂರು ವರ್ಷ ಯೋಚನೆಯನ್ನೇ ಮಾಡಿರಲಿಲ್ಲ. ಹಲ್ಲು ನೋಯುತ್ತದೆ, ಹೊಟ್ಟೆ ಚುರುಗುಟ್ಟುತ್ತದೆ, ತಲೆ ಸಿಡಿಯುತ್ತದೆ. ಮೈಯಲ್ಲಿರುವವರೆಲ್ಲ ಒಂದಲ್ಲ ಒಂದು ದಿನ ತಕರಾರು ತೆಗೆಯುತ್ತಾರೆ. ಮೂಳೆ ಮಾತ್ರ ತುಟಿ ಪಿಟಕ್ ಅನ್ನದೆ ದುಡಿಯುತ್ತದೆ, ಹಾಗಾಗಿ ಅದನ್ನು ಯಾರೂ ವಿಚಾರಿಸುವುದಿಲ್ಲ. ಮನೆಯ ಹೆಂಗಸರ ಕಥೆಯೂ ಇದೇ ಎಂದು ಇಲ್ಲಿ ಒಂದು ಭಾಷಣ ಬಿಗಿಯಬಹುದಿತ್ತು. ಆದರೆ ನಾನು ತುಟಿ ಪಿಟಕ್ ಅನ್ನದೆ ದುಡಿದವಳು ಎಂದು ಬರೆದುಕೊಂಡರೆ ನಮ್ಮ ಓಣಿಯವರು ಬಿದ್ದು ಬಿದ್ದು ನಗುತ್ತಾರೆ, ಬೇಡ.

ಹೂವಿನಹಡಗಲಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಇಪ್ಪತ್ತೆಂಟು ವರ್ಷದಿಂದ ನಡೆಸುತ್ತಿದ್ದೇನೆ. ಊರಿನ ತುಂಬ ಮಲ್ಲಿಗೆ ಇದ್ದರೂ ನನ್ನ ತಲೆಯ ತುಂಬ ಜೋಳದ ಹಿಟ್ಟು. ಹೂ ಮುಡಿದು ಹೋದರೆ ಹತ್ತು ನಿಮಿಷದಲ್ಲಿ ಹೂವೂ ಕೂದಲೂ ಒಂದೇ ಬಣ್ಣವಾಗುತ್ತವೆ. ಗಿರಣಿಯ ಬಾಗಿಲ ಪಕ್ಕ ನನ್ನದೊಂದು ಕಬ್ಬಿಣದ ಕುರ್ಚಿ ಇದೆ. ಅದರಲ್ಲಿ ಕೂತರೆ ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತು ಇದ್ದರು, ಹೋಗುವಾಗ ಮುಖ ಹೇಗಿತ್ತು ಎಲ್ಲ ಕಾಣುತ್ತದೆ. ನಿಜ ಹೇಳಬೇಕೆಂದರೆ ಗಿರಣಿಗಿಂತ ನನಗೆ ಆ ಕುರ್ಚಿಯ ಮೇಲೇ ಹೆಚ್ಚು ಪ್ರೀತಿ.

ಈ ಪ್ರೀತಿಗೆ ಹೋದ ವರ್ಷ ಒಬ್ಬರು ಪೈಪೋಟಿಗೆ ಬಂದರು, ನಮ್ಮ ಯಜಮಾನರು. ಹೈಸ್ಕೂಲಿನಲ್ಲಿ ಗುಮಾಸ್ತರಾಗಿದ್ದವರು ನಿವೃತ್ತರಾದರು. ಮೊದಲ ತಿಂಗಳು ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನೆಲ್ಲ ಅಕ್ಷರಮಾಲೆಯ ಪ್ರಕಾರ ಜೋಡಿಸಿದರು. ಅರಿಶಿನ ಮೊದಲು, ಸಾಸಿವೆ ಕೊನೆಗೆ. ಎಣ್ಣೆ ಹೊಗೆಯಾಡುತ್ತಿದ್ದರೂ ಸಾಸಿವೆ ಸಿಗುತ್ತಿರಲಿಲ್ಲ. ಎರಡನೆಯ ತಿಂಗಳು ಗಿರಣಿಗೆ ಬಂದರು, ಕುರ್ಚಿಯನ್ನು ನೋಡಿದರು. ಅಂದಿನಿಂದ, ನಿನಗೂ ವಯಸ್ಸಾಯಿತು, ಡಬ್ಬಿ ಎತ್ತಿ ಎತ್ತಿ ಸವೆದು ಹೋಗಿದ್ದೀಯ, ಮನೆಯಲ್ಲಿ ಹಾಯಾಗಿರು, ಗಿರಣಿ ನಾನು ನೋಡಿಕೊಳ್ಳುತ್ತೇನೆ ಎಂದು ದಿನಾ ಕಕ್ಕುಲಾತಿ. ನಾನು ಕಲ್ಲುಗುಂಡಿನ ಹಾಗಿದ್ದೇನೆ ಎಂದು ದಿನಾ ಉತ್ತರ ಕೊಡುತ್ತಿದ್ದೆ.

ಅಷ್ಟರಲ್ಲಿ ಹಗರಿಬೊಮ್ಮನಹಳ್ಳಿಯ ತಂಗಿಯ ಮನೆಗೆ ಹೋದಾಗ, ಅಲ್ಲಿ ಮೂಳೆ ತಪಾಸಣೆಯ ಶಿಬಿರ ನಡೆದಿತ್ತು. ತಂಗಿಯ ಜೊತೆಗೆಂದು ಹೋಗಿ ನಾನೂ ಒಂದು ಯಂತ್ರದೊಳಗೆ ಹಿಮ್ಮಡಿ ಇಟ್ಟೆ. ಡಾಕ್ಟರಮ್ಮ ಕಾಗದ ನೋಡಿ, ಮುಟ್ಟು ನಿಂತು ಎಷ್ಟು ವರ್ಷವಾಯಿತೆಂದು ಕೇಳಿದರು. ಮೂರು ಅಂದೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಬೇಗ ಸವೆಯುತ್ತದೆ, ನಿಮ್ಮದು ಆಗಲೇ ಸವೆಯತೊಡಗಿದೆ ಎಂದರು. ಆಮೇಲೆ ಮಾತ್ರೆ, ಬಿಸಿಲು, ನಡಿಗೆ, ಬೀಳದಂತೆ ಎಚ್ಚರ ಎಂದು ಇನ್ನೂ ಏನೇನೋ ಹೇಳುತ್ತಿದ್ದರು. ನನ್ನ ಕಿವಿಗೆ ‘ಸವೆದಿದೆ’ ಎಂಬುದೊಂದೇ ಬಿತ್ತು, ಕಣ್ಣಿಗೆ ನನ್ನ ಕುರ್ಚಿಯಲ್ಲಿ ಕೂತ ಯಜಮಾನರು ಕಂಡರು. ಮಾತ್ರೆಯ ಚೀಟಿ ಇಸಕೊಂಡು, ಅವರ ಮಾತು ಮುಗಿಯುವ ಮೊದಲೇ ಎದ್ದು ಬಂದೆ. ಮನೆಯಲ್ಲಿ ಹೇಳಬಾರದೆಂದು ತಂಗಿಯಿಂದ ಆಣೆ ಹಾಕಿಸಿಕೊಂಡೆ.

ತಂಗಿ ಆಣೆಗೆ ತಪ್ಪಲಿಲ್ಲ, ಆದರೆ ಸುಮ್ಮನೆಯೂ ಕೂರಲಿಲ್ಲ. ದಿನಾ ಫೋನಿನಲ್ಲಿ ಒಂದೊಂದು ಗಿಡಮೂಲಿಕೆ. ಕರಿಎಳ್ಳು ಹುರಿದು ತಿನ್ನು ಎಂದಳು, ತಿಂದೆ. ನುಗ್ಗೆಸೊಪ್ಪು ಅಂದಳು, ಮನೆಯಲ್ಲಿ ವಾರಕ್ಕೆ ಐದು ದಿನ ನುಗ್ಗೆಸೊಪ್ಪಿನ ಪಲ್ಯವಾಗಿ, ಆರನೆಯ ದಿನ ಯಜಮಾನರು ಹಿತ್ತಲಿನ ಗಿಡ ಕಡಿಸುವ ಮಾತಾಡಿದರು. ಹಂಪಸಾಗರದ ನಮ್ಮ ಚಿಕ್ಕಮ್ಮನ ಕಿವಿಗೆ, ಬೇರೆ ಯಾರಿಗೋ ಎಂದು ಹೇಳಿ ಹಾಕಿದಾಗ, ಅವಳು ಹಾಲಿಗೆ ಅಶ್ವಗಂಧದ ಪುಡಿ ಹಾಕಿ ಕುಡಿಯಲಿ ಎಂದಳು. ಅದನ್ನು ಕುಡಿದು ಕುರ್ಚಿಯಲ್ಲಿ ಕೂತೇ ತೂಕಡಿಸಿದೆ. ನೋಡು, ಸುಸ್ತಾಗಿದ್ದೀಯ ಎಂದು ಯಜಮಾನರ ಮುಖ ಅರಳಿತು. ಅಶ್ವಗಂಧ ಅವತ್ತೇ ಬಂದ್ ಮಾಡಿದೆ.

ಕೊನೆಗೆ ತಂಗಿ ಹೇಳಿದ್ದು ಮಂಗರವಳ್ಳಿ. ನಾಲ್ಕು ಮೂಲೆಯ ಕಾಂಡ, ಗೆಣ್ಣು ಗೆಣ್ಣಾಗಿ ಬೇಲಿಗೆ ಹಬ್ಬುವ ಬಳ್ಳಿ. ಮುರಿದ ಮೂಳೆಗೆ ಅದನ್ನು ಕಟ್ಟುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಾಗಳದ ಹೊಳೆದಂಡೆಯ ಹೊಲಗಳ ಬೇಲಿಯಿಂದ ಒಬ್ಬರ ಕೈಲಿ ತರಿಸಿ, ಹೆಚ್ಚಿ, ಮಾಳಿಗೆಯ ಮೇಲೆ ಗುಟ್ಟಾಗಿ ಒಣಗಿಸಿದೆ. ಹೆಚ್ಚಿದ ಕೈ ಎರಡು ದಿನ ತುರಿಸಿತು. ಅಲ್ಲಿಗಾದರೂ ಬುದ್ಧಿ ಬರಬೇಕಿತ್ತು.

ಇಲ್ಲಿ ಗಿರಣಿಯ ಒಂದು ನೇಮ ಹೇಳಬೇಕು. ನಮ್ಮಲ್ಲಿ ಜನ ಸಾಲು ನಿಲ್ಲುವುದಿಲ್ಲ, ಅವರ ಡಬ್ಬಿಗಳು ನಿಲ್ಲುತ್ತವೆ. ಮೊದಲು ಜೋಳ, ಆಮೇಲೆ ಗೋಧಿ, ಖಾರ ಮಸಾಲೆ ಏನಿದ್ದರೂ ಕೊನೆಗೆ. ಅಂಥದ್ದೇನಾದರೂ ಬೀಸಿದರೆ ಹಿಂದೆಯೇ ಎರಡು ಬೊಗಸೆ ಜೋಳ ಹಾಕಿ ‘ಬಾಯಿ ತೊಳೆದು’, ಆ ಹಿಟ್ಟನ್ನು ಆಚೆ ಚೆಲ್ಲಬೇಕು. ಇಲ್ಲದಿದ್ದರೆ ಒಬ್ಬರ ಖಾರ ಇನ್ನೊಬ್ಬರ ರೊಟ್ಟಿಗೆ ಹೋಗುತ್ತದೆ. ಈ ನೇಮ ತಪ್ಪಿದ ಗಿರಣಿಗೆ ಯಾರೂ ಡಬ್ಬಿ ಇಡುವುದಿಲ್ಲ. ಇಪ್ಪತ್ತೆಂಟು ವರ್ಷ ನಾನು ತಪ್ಪಿರಲಿಲ್ಲ.

ಆ ದಿನ ಬೆಳಿಗ್ಗೆ ಯಾರೂ ಬರುವ ಮೊದಲೇ ಮಂಗರವಳ್ಳಿಯನ್ನು ಬೀಸಿಕೊಂಡೆ. ಪುಡಿಯನ್ನು ಡಬ್ಬಿಗೆ ತುಂಬುತ್ತಿರುವಾಗ ಯಜಮಾನರು ಬಾಗಿಲಲ್ಲಿ ನಿಂತು, ಏನೋ ಸೊಪ್ಪಿನ ವಾಸನೆ ಎಂದರು. ಗಾಬರಿಯಲ್ಲಿ ಪುಡಿಯನ್ನು ಸೆರಗಿನಡಿ ಸೇರಿಸಿ, ಹಿಂದಿನ ರಾತ್ರಿಯೇ ಸಾಲಿಗಿಟ್ಟು ಹೋಗಿದ್ದವುಗಳಲ್ಲಿ ಕೈಗೆ ಸಿಕ್ಕ ಜೋಳದ ಡಬ್ಬಿಯನ್ನು ಎತ್ತಿ ಗಿರಣಿಯ ಬಾಯಿಗೆ ಸುರಿದೆ. ಬಾಯಿ ತೊಳೆಯುವುದು ಮರೆತೇ ಹೋಯಿತು.

ಆ ಡಬ್ಬಿ ಹಾಲವ್ವನದು. ಹಾಲವ್ವ ಎಪ್ಪತ್ತರ ಮುದುಕಿ, ಕುರಿ ಸಾಕುವ ಮನೆತನದವಳು, ಊರಿಗೆಲ್ಲ ಕೇಳುವಂತೆ ಮಾತಾಡುವವಳು. ಅವತ್ತೇ ಅವಳ ಮನೆಗೆ ಹರಪನಹಳ್ಳಿಯಿಂದ ಬೀಗರು ಊಟಕ್ಕೆ ಬಂದಿದ್ದರು. ಎರಡನೆಯ ರೊಟ್ಟಿಗೇ ಎಲ್ಲರ ಗಂಟಲೂ ತುರಿಸತೊಡಗಿತಂತೆ. ಬಂದರೆ ಎರಡು ತಾಸು ನಿಲ್ಲಿಸದೆ ಉಪದೇಶ ಮಾಡುವ ಹಿರಿಯ ಬೀಗರು ಮೂರು ಲೋಟ ಮಜ್ಜಿಗೆ ಕುಡಿದು, ಹೋಗಿ ಬರುತ್ತೇನೆಂದು ಕೈ ಸನ್ನೆಯಲ್ಲೇ ಹೇಳಿ ಬಸ್ಸು ಹತ್ತಿದರಂತೆ. ಸಾಲಿನಲ್ಲಿ ಅವಳ ಹಿಂದೆ ಡಬ್ಬಿ ಇಟ್ಟಿದ್ದ ಇನ್ನಿಬ್ಬರಿಗೂ ಅದೇ ಪಾಡು.

ಮಧ್ಯಾಹ್ನ ಮೂವರೂ ಹಿಟ್ಟಿನ ಡಬ್ಬಿ ಹಿಡಿದು ಗಿರಣಿಗೆ ಬಂದರು. ಹಿಟ್ಟಿನಲ್ಲಿ ಏನೋ ಬೆರೆಸಿದ್ದಾಳೆ ಎಂಬ ಮಾತು ಓಣಿಯ ತುದಿಯವರೆಗೆ ಹೋಗಿತ್ತು. ಯಜಮಾನರು ಪಾಪ, ನನ್ನ ಪರ ನಿಂತು, ಈ ಸಲ ಜೋಳವೇ ಕೆಟ್ಟಿದೆ, ಯಾವುದೋ ಔಷಧಿ ಹೊಡೆದಿರಬೇಕು ಎಂದು ಗುಮಾಸ್ತರ ಗತ್ತಿನಲ್ಲಿ ಹೇಳಿದರು. ಹೌದೆಂದು ತಲೆ ಆಡಿಸಿದ್ದರೆ ಮುಗಿಯುತ್ತಿತ್ತು. ಆದರೆ ಹಾಲವ್ವ ತನ್ನ ಹೊಲದ ಜೋಳದ ಹಿಟ್ಟನ್ನು ಕೈಯಲ್ಲಿ ಹಿಡಿದು, ಒಂದೂ ಮಾತಿಲ್ಲದೆ ನೋಡುತ್ತ ನಿಂತಳು. ಅವಳು ಮಾತಾಡದೆ ನಿಂತದ್ದನ್ನು ನಾನು ಅವತ್ತೇ ನೋಡಿದ್ದು. ನನಗೆ ತಡೆಯಲಾಗಲಿಲ್ಲ.

“ಜೋಳದ್ದೇನೂ ತಪ್ಪಿಲ್ಲ ಹಾಲವ್ವ. ನನ್ನ ಮೂಳಿ ಸವದಾವ. ಅದಕ್ಕ ಮಂಗರವಳ್ಳಿ ಬೀಸಿದ್ದೆ. ಬಾಯಿ ತೊಳ್ಯೋದು ಮರ್ತೆ,” ಅಂದೆ.

ಕುರ್ಚಿ ಹೋಯಿತು ಎಂದುಕೊಂಡು ಯಜಮಾನರ ಕಡೆ ನೋಡಿದೆ. ಅವರ ಮುಖದಲ್ಲಿ ಗೆಲುವಿರಲಿಲ್ಲ. ನನಗ್ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದರು, ಅಷ್ಟೇ. ನಾಚಿಕೆಯಾಯಿತು ನನಗೆ.

ಹಾಲವ್ವ ಮಾತ್ರ ಸೊಂಟಕ್ಕೆ ಕೈಯಿಟ್ಟಳು. “ಹುಚ್ಚಿ, ಮಂಗರವಳ್ಳಿ ಹಂಗ ಹಸೀದು ಒಣಗಿಸಿ ಬೀಸ್ತಾರೇನ? ನಾರು ತಗದು, ಮಜ್ಜಿಗ್ಯಾಗ ನೆನಿ ಹಾಕಿ, ಎಣ್ಣ್ಯಾಗ ಹುರದು, ಹುಣಸಿಹಣ್ಣು ಹಾಕಿ ಚಟ್ನಿ ಮಾಡಬೇಕು. ನಿಮ್ಮವ್ವ ಏನೂ ಕಲಿಸಲಿಲ್ಲೇನ ನಿನಗ?”

ಉಳಿದಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬಳು ತನ್ನ ಮಂಡಿಯ ಕಥೆ ತೆಗೆದಳು, ಇನ್ನೊಬ್ಬಳು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದನ್ನು ಹೇಳಿದಳು. ಸಂಜೆಯ ಹೊತ್ತಿಗೆ ಓಣಿಯ ಅರ್ಧ ಹೆಂಗಸರು ಗಿರಣಿಯ ಮುಂದೆ ಕೂತು, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮೂಳೆಗಳ ಲೆಕ್ಕ ಒಪ್ಪಿಸಿದರು. ನಾನು ಮೂರು ಡಬ್ಬಿಗೂ ನಮ್ಮ ಮನೆಯ ಜೋಳ ಬೀಸಿಕೊಟ್ಟೆ, ಬಾಯಿ ತೊಳೆದು.

ಯಜಮಾನರಿಗೆ ಅಂತೂ ಉದ್ಯೋಗ ಸಿಕ್ಕಿತು. ಈಗ ಅವರೇ ಮಾಗಳಕ್ಕೆ ಹೋಗಿ ಬಳ್ಳಿ ತರುತ್ತಾರೆ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ನಾರು ತೆಗೆಯುತ್ತಾರೆ, ಹಾಲವ್ವನ ಉಸ್ತುವಾರಿಯಲ್ಲಿ ಚಟ್ನಿ ಅರೆಯುತ್ತಾರೆ. ಬಂದವರಿಗೆಲ್ಲ ಒಂದೊಂದು ಚಮಚ. ನನ್ನ ಮಾತ್ರೆಯ ಚೀಟಿಯನ್ನೂ ಅವರೇ ಇಟ್ಟುಕೊಂಡು, ವೇಳೆಗೆ ಸರಿಯಾಗಿ ನುಂಗಿಸುತ್ತಾರೆ. ಹೆಂಗಸರು ಕೂಡ ಮೊದಲಿನಂತಿಲ್ಲ. ನಾನು ಎದ್ದರೆ ಸಾಕು, ಕೂಡ್ರವ್ವ ಅನ್ನುತ್ತಾರೆ. ಅವರವರ ಡಬ್ಬಿಯನ್ನು ಅವರವರೇ ಎತ್ತಿ ಸುರಿಯುತ್ತಾರೆ. ಎಪ್ಪತ್ತರ ಹಾಲವ್ವ ತನ್ನದರ ಜೊತೆಗೆ ಪಕ್ಕದವಳದ್ದನ್ನೂ ಎತ್ತುತ್ತಾಳೆ. ಹೀಗೆ ಕೆಲವು ತಿಂಗಳು ಇಡೀ ದಿನ ಕುರ್ಚಿಯಲ್ಲಿ ಮಹಾರಾಣಿಯ ಹಾಗೆ ಕೂತಿದ್ದೆ, ಸ್ವರ್ಗಸುಖ.

ಮೊನ್ನೆ ಯಜಮಾನರೇ ಮತ್ತೆ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಚಟ್ನಿ, ಎಳ್ಳು, ನುಗ್ಗೆ ಎಲ್ಲ ಊಟವೆಂದು ತಿನ್ನಿ, ಮಾತ್ರೆ ಮಾತ್ರ ಬಿಡಬೇಡಿ ಎಂದರು ಡಾಕ್ಟರಮ್ಮ. ಆಮೇಲೆ, ದಿನಾ ಎಷ್ಟು ಭಾರ ಎತ್ತುತ್ತೀರಿ ಎಂದು ಕೇಳಿದರು. ಒಂದು ಕಡ್ಡಿಯನ್ನೂ ಎತ್ತುವುದಿಲ್ಲ ಎಂದೆ, ಜಂಬದಿಂದ. ಅವರು ಪೆನ್ನು ಕೆಳಗಿಟ್ಟರು. ರೂಢಿಯಿದ್ದಷ್ಟು ಭಾರ ಹದವಾಗಿ ಎತ್ತಿದರೆ ಮೂಳೆ ಗಟ್ಟಿಯಾಗುತ್ತದೆ, ಹೋದ ಸಲ ಅದನ್ನೇ ಹೇಳಲು ಹೊರಟಿದ್ದೆ, ನೀವು ಎದ್ದು ಹೋದಿರಿ ಎಂದರು.

ಮರುದಿನ ಹಾಲವ್ವನ ಡಬ್ಬಿಗೆ ಕೈ ಹಾಕಿದೆ. ಡಾಕ್ಟರಮ್ಮ ಹೇಳಿದ್ದನ್ನು ವಿವರಿಸಿದೆ. ಅವಳು ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. “ಹಂಗಾರ ನನ್ನ ಮೂಳಿಗೂ ಬೇಕಲ್ಲವ್ವ ಇದು. ನಿಂದೊಂದು ಡಬ್ಬಿ ತಂದು ಪಾಳಿಗಿ ಇಡು.”

ಹಾಗಾಗಿ ಈಗ ನನ್ನದೇ ಗಿರಣಿಯಲ್ಲಿ, ಸಾಲಿನ ಕೊನೆಗೆ ನನ್ನದೊಂದು ಅರ್ಧ ತುಂಬಿದ ಡಬ್ಬಿ ನಿಂತಿರುತ್ತದೆ. ಪಾಳಿ ಬಂದಾಗ ಎದ್ದು ಹೋಗಿ ಹತ್ತು ಸಲ ಎತ್ತುತ್ತೇನೆ, ಹತ್ತು ಸಲ ಇಳಿಸುತ್ತೇನೆ. ಸುತ್ತ ನಿಂತವರು ಎಣಿಸುತ್ತಾರೆ. ಮೂಳೆ ಗಟ್ಟಿಯಾಗುತ್ತಿರಬೇಕು. ಆದರೆ ಕೊನೆಯ ಸಲ ಇಳಿಸಿ, ಬೆವರು ಒರೆಸಿಕೊಂಡು ತಿರುಗಿ ನೋಡುವಷ್ಟರಲ್ಲಿ, ಕುರ್ಚಿಯಲ್ಲಿ ಯಜಮಾನರು ಕೂತಿರುತ್ತಾರೆ.