ಆಗಸ್ಟ್ ಕ್ರೌಸನ ಕಾಲುಚೀಲದ ಬಣ್ಣ

"ಕಣ್ಣಿಗೆ ಕಾಮಾಲೆ ಬಂದಿದ್ರೆ ಡಾಕ್ಟ್ರ ಹತ್ರ ಹೋಗು, ಊರಿನ ಮಾನ ಯಾಕೋ ಕಳೀತೀಯ? ಸಾಕ್ಸು ನೀಲಿ!" ಎಂದು ಕ್ಷೌರಿಕ ಆರ್ವಿಲ್ ಸ್ಟಟ್ಜ್ ಕತ್ತರಿ ಎತ್ತಿ ಅರಚಿದ.

"ಕೆಂಪು," ಎಂದ ಎಲ್ಡನ್ ಕ್ರೌಸ್. ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಅವನ ಎಡಗಡೆಯ ಕೂದಲು ನೆಲದ ಮೇಲಿತ್ತು, ಬಲಗಡೆಯದು ಇನ್ನೂ ತಲೆಯ ಮೇಲಿತ್ತು.

"ನೀಲಿ ನಮ್ಮೂರ ಬಣ್ಣ, ಕೆಂಪು ಕೋರಿ ಲ್ಯಾಂಡಿಂಗಿನವರ ಬಣ್ಣ ಕಣೋ! ಹೊಳೆಯ ಆಚೆ ದಡದ ದರಿದ್ರದವರದು!"

"ಇರಬಹುದು. ಆದ್ರೆ ಈ ಸಾಕ್ಸು ಕೆಂಪು."

ಜಗಳದ ಮೂಲ ಗೋಡೆಗೆ ಒರಗಿ ನಿಂತಿತ್ತು. ಬಾಗಿಲಿನಷ್ಟು ದೊಡ್ಡ ಚೌಕಟ್ಟಿನ ಚಿತ್ರ. ಅದರಲ್ಲಿ 1916ರ ಬೇಸ್‌ಬಾಲ್ ತಂಡ. ಎಲ್ಲರೂ ಎದೆಯ ಮೇಲೆ ಬಿಗಿಯಾಗಿ ಕೈ ಕಟ್ಟಿ, ಈಗಷ್ಟೇ ಯಾರನ್ನೋ ಹೊಡೆದು ಬಂದವರ ಹಾಗೆ ನಿಂತಿದ್ದರು. ಅಂಗಿಯ ಮೇಲೆ ಊರಿನ ಹೆಸರಿತ್ತೋ ಇಲ್ಲವೋ, ಆ ಕೈಗಳನ್ನು ಸರಿಸಿ ನೋಡಿದವರಿಲ್ಲ. ಇದರ ಕಪ್ಪು-ಬಿಳುಪಿನ ಮೂಲ ಫೋಟೋ ಆರ್ವಿಲನ ಅಜ್ಜನ ಕಾಲದಿಂದಲೂ ಇದೇ ಅಂಗಡಿಯ ಕನ್ನಡಿಯ ಮೇಲೆ ತೂಗುತ್ತಿದೆ. ಆಚೆ ದಡದವರನ್ನು ಬಗ್ಗುಬಡಿದ ಬೆಲ್ಟನ್ ಫಾಲ್ಸಿನ ವೀರರು ಇವರೇ ಎಂದು ಊರಿನ ಮಕ್ಕಳಿಗೆ ತೊಟ್ಟಿಲಲ್ಲೇ ಗೊತ್ತಾಗುತ್ತದೆ. ಬಿಸಿಲು, ಬೆವರು, ಮೀಸೆ, ಧೂಳು ಎಲ್ಲಕ್ಕೂ ಎಲ್ಡನ್ ಇಡೀ ಚಳಿಗಾಲ ಕಂಪ್ಯೂಟರಿನ ಮುಂದೆ ಕೂತು ಬಣ್ಣ ತುಂಬಿದ್ದ. ಜುಲೈ ನಾಲ್ಕರ ಹಬ್ಬದ ದಿನ, ಅಂದರೆ ಅಂದೇ ಮಧ್ಯಾಹ್ನ, ಕೋರಿ ಲ್ಯಾಂಡಿಂಗಿನ ಎದುರಿನ ಪಂದ್ಯಕ್ಕೆ ಮೊದಲು ಅದು ಮೈದಾನದ ಹೊಸ ಕಟ್ಟೆಯ ಮೇಲೆ ಏರಬೇಕಿತ್ತು.

"ಆರ್ವಿಲ್, ಕಿರುಚಬೇಡ, ಹಳೇ ಫೋಟೋ ನೋಡು. ಹಿಂದೆ ದೇಶದ ಬಾವುಟ ಇದೆಯಲ್ಲ, ಅದರ ನಕ್ಷತ್ರದ ಮೂಲೆ ಯಾವ ಬಣ್ಣ?"

"ನೀಲಿ. ಅದೂ ಗೊತ್ತಿಲ್ವಾ ನಿಂಗೆ?"

"ಫೋಟೋದಲ್ಲಿ ಹೆಂಗೆ ಬಂದಿದೆ? ಬೆಳ್ಳಗೆ, ಬೂದಿ ಥರ. ಕೆಂಪು ಪಟ್ಟೆ? ಕಾಡಿಗೆ ಕಪ್ಪು. ಆ ಕಾಲದ ಫೋಟೋ ಗಾಜೇ ಹಂಗೆ. ಕೆಂಪು ಕಪ್ಪಾಗೋದು, ನೀಲಿ ಬಿಳುಚಿಕೊಳ್ಳೋದು. ಈ ಸಾಕ್ಸು ಕಾಡಿಗೆ ಕಪ್ಪು ಇದೆ. ಅಂದ್ರೆ ಕೆಂಪು."

"ಬಾವುಟ ಒಗೆದು ನೀಲಿ ಹೋಗಿರುತ್ತೆ."

"ನೀಲಿ ಹೋಗಿ ಕೆಂಪು ಮಾತ್ರ ಉಳಿಯುತ್ತಾ?"

"ನಿನ್ನ ಹೆಂಡ್ತಿ ಒಗೆದ್ರೆ ಏನು ಬೇಕಾದ್ರೂ ಹೋಗುತ್ತೆ! ಏಳು ನನ್ನ ಕುರ್ಚಿಯಿಂದ! ಚಿತ್ರದಲ್ಲಿ ಎರಡನೆಯವನು ನಮ್ಮ ದೊಡ್ಡಜ್ಜ. ಅವನ ಕಿವಿ ನೋಡು, ನನ್ನ ಕಿವಿ ನೋಡು. ಅವನ ಕಾಲಿಗೆ ಶತ್ರು ಬಣ್ಣ ಬಳಿದವನ ಕೂದಲು ನಾನು ಕತ್ತರಿಸಲ್ಲ!"

ಎಲ್ಡನ್ ಎದ್ದ. ಚಿತ್ರವನ್ನು ತಬ್ಬಿಕೊಂಡು, ಕುತ್ತಿಗೆಯ ಬಟ್ಟೆಯ ಸಮೇತ ಹೊರಬಿದ್ದ. ಎಡಗಡೆಯಿಂದ ನೋಡಿದವರಿಗೆ ಸೈನಿಕ, ಬಲಗಡೆಯಿಂದ ನೋಡಿದವರಿಗೆ ಪಿಟೀಲು ವಾದಕ.

ಇವನೇನೂ ಹುಟ್ಟಾ ಹಟಮಾರಿಯಲ್ಲ. ಶಾಲೆಯ ಬಸ್ಸು ಓಡಿಸುವವನು. ಮನೆಯಲ್ಲಿ ಹೆಂಡತಿಯ ಮಾತು, ಬಸ್ಸಿನಲ್ಲಿ ಮಕ್ಕಳ ಮಾತು ಕೇಳಿಕೊಂಡು ಅರ್ಧ ಆಯುಸ್ಸು ಕಳೆದಿದ್ದ. ಅವನದು ಅಂತ ಇದ್ದದ್ದು ಒಂದೇ. ಚಿತ್ರದ ನಟ್ಟನಡುವೆ ಕಟ್ಟಿದ ಕೈಯಲ್ಲೇ ಚೆಂಡು ಹಿಡಿದು ನಿಂತ, ಚೆಂಡೆಸೆಯುವ ಪಿಚರ್, ಆಗಸ್ಟ್ ಕ್ರೌಸ್, ಅವನ ಮುತ್ತಜ್ಜ. ಆ ಮುಖಕ್ಕೆ ಬಣ್ಣ ತುಂಬುವಾಗ ಅವನು ಕಣ್ಣೊರೆಸಿಕೊಂಡದ್ದುಂಟು. ಅಂಥ ಮುತ್ತಜ್ಜನ ಕಾಲಿಗೆ ಸುಳ್ಳು ತೊಡಿಸುವುದೇ? ಊರೆಲ್ಲ ಒಂದಾದರೂ ಸರಿ, ಆಗದು.

ಮನೆಯಲ್ಲಿ ಹೆಂಡತಿ ಲೋರ್ನಾ ಅವನ ತಲೆಯನ್ನು ಎರಡೂ ಕಡೆಯಿಂದ ನೋಡಿ ನಿಟ್ಟುಸಿರುಬಿಟ್ಟಳು.

"ನೀಲಿ ಅಂದುಬಿಡು ಮಾರಾಯ. ಸತ್ತವರು ಎದ್ದುಬಂದು ಸಾಕ್ಸು ಎತ್ತಿ ತೋರಿಸ್ತಾರಾ? ಬೆಳಗಿನಿಂದ ಫೋನು ಬಡ್ಕೊಂಡೇ ಇದೆ. ಪಾದ್ರಿಗಳೂ ಮಾಡಿದ್ರು."

"ಪಾದ್ರಿಗಳು ಏನಂದ್ರು?"

"ದೇವರು ಕ್ಷಮಿಸ್ತಾನೆ, ಆದ್ರೆ ನೀಲಿ ಮಾಡಿದ ಮೇಲೆ ಅಂದ್ರು."

ಅಷ್ಟರಲ್ಲಿ ಅಂಗಳದಲ್ಲಿ ಸರಬರ ಸದ್ದಾಯಿತು. ಎಲ್ಡನ್ ಹೊರಗೆ ಓಡಿದ. ಟ್ರಕ್ಕಿಗೆ ಒರಗಿಸಿದ್ದ ಚಿತ್ರದ ಮುಂದೆ ಪಕ್ಕದ ಮನೆಯ ಮಿಸೆಸ್ ಫೆಂಕ್ ಮಂಡಿಯೂರಿದ್ದರು. ಹಬ್ಬದ ಸಮಿತಿಯ ಅಧ್ಯಕ್ಷೆ, ಚಿಕ್ಕಂದಿನಲ್ಲಿ ಅವನಿಗೆ ಬೈಬಲ್ ಕಲಿಸಿದವರು. ಪಕ್ಕದಲ್ಲಿ ನೆಲದ ಮೇಲೆ ನೀರಿನ ಟ್ಯಾಂಕಿಗೆ ಬಳಿಯುವ ನೀಲಿ ಬಣ್ಣದ ಡಬ್ಬ, ಕೈಯಲ್ಲಿ ಕುಂಚ.

"ಮಿಸೆಸ್ ಫೆಂಕ್! ಏನ್ಮಾಡ್ತಿದ್ದೀರಿ?"

"ನೀನು ಮಾಡಬೇಕಾದ್ದನ್ನ. ಹೆದರಬೇಡ, ಮುಖ ಮುಟ್ಟಲ್ಲ, ಬರೀ ಕಾಲು."

"ಕುಂಚ ಕೊಡಿ!"

"ಹಿರಿಯರ ಮೇಲೆ ಕೈ ಮಾಡ್ತೀಯೇನೋ? ಲೋರ್ನಾ, ನೋಡಮ್ಮ ನಿನ್ನ ಗಂಡನ್ನ!"

ಅವರು ಎಳೆದರು, ಇವನು ಎಳೆದ. ಕುಂಚ ಇವನ ಕೈಗೆ ಬಂತು, ಆದರೆ ಎಳೆದ ರಭಸಕ್ಕೆ ಇವನು ಹಿಂದಕ್ಕೆ ಹೋಗಿ ಸೀದಾ ಡಬ್ಬದೊಳಗೆ ಕೂತ. ಚಿತ್ರಕ್ಕೆ ಗಾಜಿದ್ದದ್ದರಿಂದ ಮುತ್ತಜ್ಜ ಬಚಾವಾದ. ಮರಿಮಗನ ಚಡ್ಡಿಗೆ ಗಾಜಿರಲಿಲ್ಲ.

"ನೋಡು, ನಿನ್ನ ಅಷ್ಟು ಭಾಗಕ್ಕಾದ್ರೂ ಬುದ್ಧಿ ಬಂತು," ಎಂದು ಮಿಸೆಸ್ ಫೆಂಕ್ ಸೆರಗಿಲ್ಲದಿದ್ದರೂ ಸೆರಗು ಕೊಡವಿದ ಹಾಗೆ ತಿರುಗಿ ಹೋದರು.

ಬಟ್ಟೆ ಬದಲಿಸುವಷ್ಟು ಹೊತ್ತು ಚಿತ್ರವನ್ನು ಒಂಟಿಯಾಗಿ ಬಿಡುವ ಧೈರ್ಯ ಎಲ್ಡನ್‌ಗೆ ಇರಲಿಲ್ಲ. ಅದನ್ನು ಟ್ರಕ್ಕಿನ ಹಿಂಬದಿಯಲ್ಲಿ ನೆಟ್ಟಗೆ ನಿಲ್ಲಿಸಿ, ಹಗ್ಗ ಬಿಗಿದು ಮೈದಾನದತ್ತ ಹೊರಟ. ಮುಖ್ಯಬೀದಿ ದಾಟುವಷ್ಟರಲ್ಲಿ ಎದುರಿಗೆ ಹಬ್ಬದ ಮೆರವಣಿಗೆ. ಅಲಂಕಾರದ ವಾಹನವೇ ಇರಬೇಕೆಂದುಕೊಂಡ ಪೊಲೀಸಿನವನು ಸೀಟಿ ಊದಿ ಇವನನ್ನೂ ಒಳಕ್ಕೆ ನೂಕಿದ. ಮುಂದೆ ನೀಲಿ ಅಗ್ನಿಶಾಮಕ ಬಂಡಿ, ಹಿಂದೆ ನೀಲಿ ಟೋಪಿಯ ಬ್ಯಾಂಡು, ನಡುವೆ ಕೆಂಪು ಕಾಲುಚೀಲ. ಮದುವೆ ದಿಬ್ಬಣದ ನಡುವೆ ಹೆಣ ಹೊತ್ತ ಹಾಗೆ.

"ಏ ದ್ರೋಹಿ! ಹೊಳೆ ದಾಟಿ ಹೋಗೋ ಆಚೆ ಕಡೆಗೆ!"

"ಎಷ್ಟು ಕೊಟ್ರು ನಿಂಗೆ ಅವರು?"

"ಅಯ್ಯೋ, ಅರ್ಧ ಕೂದಲು ಅವರಿಗೆ ಕೊಟ್ಟುಬಂದಿದ್ದಾನೆ ನೋಡ್ರೋ!"

ವಾಹನಗಳಿಂದ ಜನರತ್ತ ಮಿಠಾಯಿ ಎಸೆಯುವುದು ಆ ಊರಿನ ಪದ್ಧತಿ. ಅಂದು ಮೊದಲ ಸಲ ಜನರಿಂದ ವಾಹನದತ್ತ ಬಿತ್ತು. ಹಿಂದೆಯೇ ತಿಂದು ಬಿಟ್ಟ ಮುಸುಕಿನ ಜೋಳದ ದಿಂಡುಗಳೂ ಬಂದವು. ಒಂದು ಎಲ್ಡನ್‌ನ ಕಿವಿಗೆ ತಗುಲಿತು. ಇನ್ನೊಬ್ಬನಾಗಿದ್ದರೆ ಕಿಟಕಿ ಏರಿಸಿಕೊಳ್ಳುತ್ತಿದ್ದ. ಎಲ್ಡನ್ ಇಳಿಸಿದ. ಕತ್ತು ಹೊರಹಾಕಿ, ಹಾರ್ನ್ ಒತ್ತಿ, "ಕೆಂಪು! ಕೆಂಪು! ಇನ್ನೂ ಹೊಡೀರಿ, ಕೆಂಪೇ!" ಎಂದು ಕೂಗಿದ. ಹೀಗೆ ಇಡೀ ಬೀದಿ.

ಮೈದಾನದ ಬಾಗಿಲಲ್ಲಿ ಮಿಸೆಸ್ ಫೆಂಕ್ ಅಡ್ಡ ನಿಂತರು. "ಕಟ್ಟೆಯ ಮೇಲೆ ಅದು ಏರಲ್ಲ. ಸಮಿತಿಯ ತೀರ್ಮಾನ."

"ಸಮಿತಿ ಬಂದು ತಡೀಲಿ," ಎಂದು ಎಲ್ಡನ್ ಪಕ್ಕದಿಂದ ನುಸುಳಿ, ಕುರ್ಚಿಯ ಮೇಲೆ ಕುರ್ಚಿ ಇಟ್ಟು ಹತ್ತಿ, ಕೈಯಾರೆ ಚಿತ್ರವನ್ನು ಕಟ್ಟೆಯ ಗೋಡೆಯ ಕೊಕ್ಕೆಗೆ ಸಿಕ್ಕಿಸಿದ. ಸುತ್ತ ಎರಡೂ ಊರಿನ ಜನ. ಅವನು ಕೆಳಗಿಳಿದು ತಿರುಗಿದಾಗ ಮೈಕು ಅವನ ಗದ್ದದ ಹತ್ತಿರವೇ ಇತ್ತು.

"ಕೇಳ್ರಿ!" ಎಂದ. ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅವನಿಗೇ ಹೊಸದು. "ಇವನು ನನ್ನ ಮುತ್ತಜ್ಜ. ಕೆಂಪು ಸಾಕ್ಸು ಹಾಕ್ಕೊಂಡು ಗೆದ್ದ. ನಿಮಗೆ ಇಷ್ಟ ಇಲ್ಲ ಅಂತ ಅವನು ಕಾಲು ಬದಲಾಯಿಸಲ್ಲ! ಇದು ನೀಲಿ ಅಂತ ತೋರಿಸೋ ಗಂಡಸೋ ಹೆಂಗಸೋ ಇದ್ರೆ ಮುಂದೆ ಬರ್ರಿ!"

ಗುಂಪು ಸೀಳಿಕೊಂಡು ಒಬ್ಬಳು ಮುದುಕಿ ಮುಂದೆ ಬಂದಳು. ಊರುಗೋಲು, ಕೆಂಪು ಟೋಪಿ. ಕೋರಿ ಲ್ಯಾಂಡಿಂಗಿನ ಬೆಸ್ಸಿ ಟಾರ್. ಆಕೆ ಚಿತ್ರದ ಮುಂದೆ ನಿಂತು ಟೋಪಿ ತೆಗೆದಳು. ಕಣ್ಣಲ್ಲಿ ನೀರು.

"ಕೆಂಪೇ ಮಗಾ. ನೀನು ಹೇಳಿದ್ದು ಸರಿ."

ಎಲ್ಡನ್‌ಗೆ ಬದುಕಿನಲ್ಲಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. "ಕೇಳಿದ್ರಾ? ಕೇಳಿದ್ರಾ?" ಎಂದು ಕುಣಿದ.

"ಎಷ್ಟು ಚೆನ್ನಾಗಿ ಬಂದಿದ್ದಾನೆ ನಮ್ಮಜ್ಜ," ಎಂದಳು ಮುದುಕಿ, ಊರುಗೋಲೆತ್ತಿ ಪಿಚರನ ಮುಖ ತೋರಿಸುತ್ತ.

"ಯಾರಜ್ಜ?"

"ನಮ್ಮಜ್ಜ, ನೇಥನ್ ಟಾರ್. ಪಕ್ಕದವನು ಇವನ ತಮ್ಮ. ಕಿವಿ ದೊಡ್ಡದಾಗಿರೋನು ನಮ್ಮೂರ ಕಮ್ಮಾರ. ಇದು ನಮ್ಮ ತಂಡ ಅಲ್ವಾ ಮಗಾ. ನಮ್ಮ ಊರಲ್ಲೂ ಇದೇ ಫೋಟೋ ಮನೆಮನೇಲಿದೆ."



"ನಿಮ್ಮದು... ನಮ್ಮ ಕ್ಷೌರದಂಗಡಿಗೆ ಹೆಂಗೆ ಬಂತು?" ಎಂದ ಎಲ್ಡನ್.

"ಪಂಥ ಕಣಪ್ಪ. ಆ ಕಾಲದಲ್ಲಿ ಸೋತ ಊರಿನೋರು ಗೆದ್ದೋರ ಫೋಟೋನ ತಮ್ಮ ಕ್ಷೌರದಂಗಡೀಲಿ ತೂಗು ಹಾಕಬೇಕಿತ್ತು, ಮುಂದಿನ ಪಂದ್ಯದವರೆಗೆ. ದಿನಾ ಗಡ್ಡ ಬೋಳಿಸಿಕೊಳ್ಳುವಾಗ ಮುಖಕ್ಕೆ ಹೊಡೀಬೇಕು ಅಂತ. ಮುಂದಿನ ವರ್ಷ ಯುದ್ಧ ಬಂತು, ಹುಡುಗರೆಲ್ಲ ಹೋದ್ರು, ಪಂದ್ಯ ನಿಂತುಹೋಯ್ತು. ಇಳಿಸೋದನ್ನ ಯಾರೋ ಮರೆತಿರಬೇಕು."

"ಹಾಗಾದ್ರೆ ಆಗಸ್ಟ್ ಕ್ರೌಸ್?"

"ಕ್ರೌಸಾ? ಅವನ ಕತೆ ಅಜ್ಜ ಹೇಳಿ ಹೇಳಿ ನಗ್ತಿದ್ದ. ನಿಮ್ಮ ಪಿಚರ್. ಆಟದ ನಡುವೆ ಅಂಪೈರ್ ಜೊತೆ ಜಗಳ ತೆಗೆದು, ಕೈಗವಸು ಬಿಸಾಕಿ ಹೊರಟೇಹೋದನಂತೆ. ಚೆಂಡೆಸೆಯೋಕೆ ನಿಮಗೆ ಬೇರೆ ಗತಿ ಇರಲಿಲ್ಲ. ಅದಕ್ಕೇ ಸೋತಿರಿ."

ಮೊದಲು ಚೇತರಿಸಿಕೊಂಡವನು ಆರ್ವಿಲ್. ಕಿವಿ ಮುಟ್ಟಿಕೊಂಡು, "ನಾನು ಯಾವಾಗಲೂ ಅಂತಿದ್ದೆ, ಆ ಕಿವಿ ನಮ್ಮ ವಂಶದ್ದಲ್ಲ," ಎಂದ.

ಮಿಸೆಸ್ ಫೆಂಕ್ ಮೈಕು ಕಿತ್ತುಕೊಂಡರು. "ಬೆಸ್ಸಿ, ಅವತ್ತು ನಮ್ಮವರ ಸಾಕ್ಸು ಯಾವ ಬಣ್ಣ?"

"ನೀಲಿ, ಅಮ್ಮ. ನೀಲಿ ಅಂತಾನೇ ಅಜ್ಜ ಹೇಳ್ತಿದ್ದದ್ದು."

"ಕೇಳಿದ್ರಾ!" ಮಿಸೆಸ್ ಫೆಂಕ್ ಕೈ ಎತ್ತಿದರು. "ನಮ್ಮವರು ನೀಲಿ! ಬೆಳಗಿನಿಂದ ಊರೆಲ್ಲ ಬಡ್ಕೊಂಡಿದ್ದು ಇದನ್ನೇ! ಒಬ್ಬ ಮಾತ್ರ ಕೇಳಲಿಲ್ಲ!"

ಊರೇ ಹೋ ಎಂದಿತು. ಬ್ಯಾಂಡು ಮೊಳಗಿತು. ನೂರು ವರ್ಷದ ಗೆಲುವು ಕಳೆದುಕೊಂಡ ಜನ ಗೆದ್ದವರ ಹಾಗೆ ಒಬ್ಬರನ್ನೊಬ್ಬರು ತಬ್ಬಿಕೊಂಡರು.

"ಆದ್ರೆ ಚಿತ್ರದಲ್ಲಿರೋದು ಕೆಂಪು!" ಎಂದು ಎಲ್ಡನ್ ಕೂಗಿದ. "ನಾನು ಕೆಂಪು ಅಂದೆ, ಕೆಂಪೇ ಆಯ್ತು! ಸರಿ ಹೇಳಿದವನು ನಾನು!"

"ಸರಿ, ಸರಿ," ಎಂದು ಆರ್ವಿಲ್ ಅವನ ಭುಜ ತಟ್ಟಿದ. "ನಮ್ಮನ್ನ ಸೋಲಿಸಿದ್ದು ನಿಮ್ಮ ಮುತ್ತಜ್ಜ, ಅದನ್ನ ಬಣ್ಣ ಹಾಕಿ ತೋರಿಸಿದ್ದು ನೀನು. ಒಂದು ಸಾರಿ ತಪ್ಪಾಯ್ತು ಅಂದುಬಿಡು, ಬಾ, ಆಟ ನೋಡೋಣ."

"ಅನ್ನಲ್ಲ."

"ಅನ್ನೋ, ಒಂದೇ ಮಾತು."

"ಅನ್ನಲ್ಲ ಅಂದ್ನಲ್ಲ!"

ಕುತ್ತಿಗೆಯಲ್ಲಿ ಇನ್ನೂ ನೇತಾಡುತ್ತಿದ್ದ ಕ್ಷೌರದ ಬಟ್ಟೆಯನ್ನು ಕಿತ್ತು ಆರ್ವಿಲನ ಮುಖಕ್ಕೆ ಎಸೆದ. ಕಟ್ಟೆಯಿಂದ ಧುಮುಕಿ, ಆಟಕ್ಕೆ ಸುಣ್ಣದ ಗೆರೆ ಎಳೆದಿದ್ದ ಅಂಕಣದ ನಡುವೆಯೇ ನಡೆದು, ಬೇಲಿಯ ಬಾಗಿಲು ದಾಟಿದ.

"ಎಲ್ಡನ್, ಎಲ್ಲಿಗೆ?" ಎಂದು ಲೋರ್ನಾ ಕೂಗಿದಳು. ಅವನು ತಿರುಗಲಿಲ್ಲ.

"ಬರ್ತಾನೆ ಬಿಡಮ್ಮ, ಹೊಟ್ಟೆ ಹಸಿದ್ರೆ," ಎಂದರು ಮಿಸೆಸ್ ಫೆಂಕ್.

ಪಂದ್ಯ ಶುರುವಾಯಿತು, ಮುಗಿಯಿತು, ಬೆಲ್ಟನ್ ಫಾಲ್ಸ್ ಸೋತಿತು. ಲೋರ್ನಾ ಅವನಿಗೆಂದು ತೆಗೆದಿಟ್ಟ ಬನ್ನು ಬಿಸಿಲಿಗೆ ಒಣಗಿ ಕಲ್ಲಾಯಿತು. ಎಲ್ಡನ್ ಬರಲಿಲ್ಲ.