ಅಣಬೆಗಳಿಗೆ ಕಾಣದ ಕಾಕಾ

ಅಣಬೆಗಳ ಕಣ್ಣು ತಪ್ಪಿಸಿ ಓಡಾಡಬಲ್ಲ ಮನುಷ್ಯ ಇಡೀ ಗಜೇಂದ್ರಗಡದಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ಕಾಕಾ! ಅಣಬೆಗೆ ಕಣ್ಣೆಲ್ಲಿದೆ ಎನ್ನುತ್ತೀರಾ? ದಯವಿಟ್ಟು ಅವರೆದುರು ಕೇಳಬೇಡಿ. ಉತ್ತರ ಮುಗಿಯುವಷ್ಟರಲ್ಲಿ ರೋಣದ ಕಡೆಯ ಬಸ್ಸು ಹೋಗಿರುತ್ತದೆ.

ತಪ್ಪು ನನ್ನದೇ. ಅಣಬೆ, ಬೂಷ್ಟುಗಳು ಬೆಳಕನ್ನು ಹೇಗೆ ಗುರುತಿಸುತ್ತವೆ ಎಂಬುದು ನನ್ನ ಸಂಶೋಧನೆಯ ವಿಷಯ. ಕಾಕಾ ಮಗ್ಗ ನಿಲ್ಲಿಸಿದ ಮೇಲೆ ಅದೇ ಖೋಲಿಯಲ್ಲಿ ಜೋಳದ ದಂಟು ತುಂಬಿದ ಚೀಲಗಳನ್ನು ತೂಗುಹಾಕಿ ಅಣಬೆ ಬೆಳೆಯತೊಡಗಿದರು. ಬೆಳಕು ಬಿದ್ದರೆ ಕೆಡುತ್ತವೆಂದು ಯಾರೋ ಹೇಳಿದ್ದಕ್ಕೆ ಕಿಟಕಿಗೆ ಗೋಣಿತಟ್ಟು ಬಡಿದರು. ಅಣಬೆಗಳು ಕೊಡೆಯಿಲ್ಲದೆ ಬರೀ ಕಾಲಾಗಿ ಬೆಳೆದವು. ಅವರ ಹೆಂಡತಿ, ನಮ್ಮ ಕಾಕು, ಬಂದು ನೋಡಿ, ಇದೇನು ಶಾವಿಗೆ ಹೊಸೆದಿದ್ದೀರಾ ಎಂದು ಕೇಳಿದರು.

ರಜೆಗೆ ಹೋದ ನಾನು ವಿವರಿಸಿದೆ. ಅಣಬೆಯ ಜೀವಕೋಶದಲ್ಲಿ ಒಂದು ಪ್ರೋಟೀನು, ಅದರ ಮಡಿಲಲ್ಲಿ ಜೀವಸತ್ವದಿಂದಾದ ಪುಟ್ಟ ಅಣು. ನೀಲಿ ಬೆಳಕು ತಾಗಿದೊಡನೆ ಆ ಅಣು ಪ್ರೋಟೀನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಪ್ರೋಟೀನಿನ ಆಕಾರ ಬದಲಾಗುತ್ತದೆ, ಅದು ವಂಶವಾಹಿಗಳನ್ನು ಎಬ್ಬಿಸುತ್ತದೆ, ಕೊಡೆ ಬಿಚ್ಚುವ ಕೆಲಸ ಶುರುವಾಗುತ್ತದೆ. ಕೆಲವು ಬೂಷ್ಟುಗಳಲ್ಲಂತೂ ಸ್ವಲ್ಪ ಹೊತ್ತಿಗೆ ಎರಡನೇ ಪ್ರೋಟೀನೊಂದು ಬಂದು, ಗೊತ್ತಾಯಿತು ಸಾಕು ಎಂದು ಮೊದಲನೆಯದನ್ನು ಸುಮ್ಮನಾಗಿಸುತ್ತದೆ.

ಕಾಕಾ ಅಡಿಗೆಮನೆಯ ಕಡೆ ನೋಡಿ ದನಿ ಇಳಿಸಿದರು: "ಆ ಎರಡನೇದು ನಮ್ಮ ಮನ್ಯಾಗೂ ಐತಿ."

ಕೆಂಪು ಬೆಳಕು ಅವಕ್ಕೆ ಬಹುತೇಕ ತಿಳಿಯುವುದಿಲ್ಲ ಎಂದೂ ಹೇಳಿದ್ದೆ. 'ಬಹುತೇಕ' ಎಂಬ ಮಾತು ಕಾಕಾರ ಕಿವಿಗೆ ಇಂದಿನವರೆಗೂ ಬಿದ್ದಿಲ್ಲ! ಮರುದಿನ ಕಾಕುವಿನ ಕೆಂಪು ಸೀರೆ ಹೊದ್ದು ಅಣಬೆ ಕೊಯ್ಯಲು ಹೊರಟರು. ಕೊಯ್ಯುವವನು ಕಾಣದಿದ್ದರೆ ಅವು ಹೆದರುವುದಿಲ್ಲವಂತೆ. ಓಣಿಯ ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು ಕತ್ತು ಚಾಚಿ ನೋಡಿದರು.

"ಅಣಬಿಗೆ ನೀವು ಕಾಣಂಗಿಲ್ಲ, ಖರೇ," ಎಂದರು ಕಾಕು. "ಓಣಿಗೆ ಕಾಣ್ತೀರಲ್ರಿ."

ಹೊಸ ಚೀಲಗಳಲ್ಲಿ ಮೊಗ್ಗು ಮೂಡಿತು; ಬಲಿತ ಮೇಲೆ ತೆಗೆದರಾಯಿತೆಂದು ಕಾಕಾ ಕಿಟಕಿಯ ಗೋಣಿತಟ್ಟನ್ನು ಇನ್ನೂ ಹಾಗೇ ಬಿಟ್ಟಿದ್ದರು. ಈ ಸಲ ರೊಟ್ಟಿಯಗಲದ ಕೊಡೆ ಬರುತ್ತದೆಂದು ಕಾಕಾ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲೆಲ್ಲ ಸಾರಿದರು. ನೋಡಲು ಯಾವಗಲ್ ಊರಿನ ಬೀಗರಿಗೂ ಹೇಳಿಕಳಿಸಿದರು.

ನನ್ನ ಕಷ್ಟ ಬೇರೆಯೇ ಇತ್ತು. ಹದಿನೈದು ದಿನದಲ್ಲಿ ಇದೇ ವಿಷಯವನ್ನು ವಿಶ್ವವಿದ್ಯಾಲಯದಲ್ಲಿ ಎಲ್ಲರೆದುರು ಮಂಡಿಸಬೇಕಿತ್ತು. ನಾಲ್ಕು ಜನ ನನ್ನತ್ತ ನೋಡಿದರೆ ನನಗೆ ಮುಂದಿನ ಮಾತೇ ಮರೆತುಹೋಗುತ್ತದೆ. ಹಿಂದಿನ ಸಲ ಎರಡನೇ ವಾಕ್ಯಕ್ಕೇ ನಿಂತಿದ್ದೆ. ಈ ಸಲವೂ ನಿಂತರೆ ನನ್ನ ಓದೂ ಅಲ್ಲಿಗೇ ನಿಲ್ಲುತ್ತಿತ್ತು. ಹಿತ್ತಲ ಗೋಡೆಗೆ ಪಾಠ ಒಪ್ಪಿಸುತ್ತಿದ್ದಾಗ ಕಾಕಾ ನೋಡಿಬಿಟ್ಟರು. ಹೇಳದೆ ವಿಧಿಯಿರಲಿಲ್ಲ.

"ಖೋಲ್ಯಾಗ ಬಾರವ್ವಾ. ಅಲ್ಲಿ ಕತ್ಲಿ ಐತಿ. ಅಣಬಿ ಮುಂದ ಹೇಳು."

ಮೊದಲ ದಿನ ಕತ್ತಲಲ್ಲಿ ಕಾಕಾ ಎಲ್ಲಿ ಕೂತಿದ್ದಾರೆಂದೂ ಕಾಣಲಿಲ್ಲ. ಮಾತು ಸರಾಗವಾಗಿ ಬಂತು. ಮರುದಿನ ಗೋಣಿತಟ್ಟು ಎರಡು ಬೆರಳು ಸರಿದಿತ್ತು. ಕೇಳಿದರೆ, ಬೆಳಕು ಬೇಕೆಂದವಳು ನೀನೇ ಅಲ್ಲವೇ ಎಂದರು. ಆಮೇಲೆ ತಟ್ಟು ದಿನಾ ಇಷ್ಟಿಷ್ಟೇ ಸರಿಯುತ್ತ ಹೋದರೂ ನಾನು ಕೇಳಲಿಲ್ಲ. ಕಣ್ಣು ಮುಚ್ಚಿ ಶುರುಮಾಡುತ್ತಿದ್ದೆ, ಹೇಳುತ್ತ ಹೇಳುತ್ತ ತೆರೆಯುತ್ತಿದ್ದೆ.

ಹತ್ತನೇ ದಿನ ಹೇಳಿ ಮುಗಿಸಿದಾಗ ಹೊಸ್ತಿಲಾಚೆಯಿಂದ ಕಾಕುವಿನ ದನಿಯಲ್ಲಿ ಒಂದು ಪ್ರಶ್ನೆ ಬಂತು: "ಅಲ್ಲವ್ವಾ, ಆ ಎರಡನೇದು ಬರಲಿಲ್ಲಂದ್ರ?"

ಬರದಿದ್ದರೆ ಮೊದಲನೆಯದು ಕೂಗುತ್ತಲೇ ಇರುತ್ತದೆ, ಬೆಳಕು ಹೆಚ್ಚಾದದ್ದೂ ಆಗ ಬೂಷ್ಟಿಗೆ ತಿಳಿಯುವುದಿಲ್ಲ ಎಂದೆ. ಹೇಳಿದ ಮೇಲೆ ತಿರುಗಿ ನೋಡಿದೆ. ಕಾಕುವಿನ ಸುತ್ತ ಕಟ್ಟೆಯ ಹೆಂಗಸರೆಲ್ಲ ಕೂತಿದ್ದರು. ಏಳು ಜನ! ಕಿಟಕಿ ಪೂರ್ತಿ ತೆರೆದಿತ್ತು. ನಮ್ಮೂರ ಒಣಗಾಳಿ ಖೋಲಿಯ ತುಂಬ ಆಡುತ್ತಿತ್ತು. ಆಗಷ್ಟೇ ಚೀಲಗಳ ಕಡೆ ಕಣ್ಣು ಹೋಯಿತು. ಮೊಗ್ಗುಗಳೆಲ್ಲ ಹಳದಿಯಾಗಿ ಸುಕ್ಕುಗಟ್ಟಿದ್ದವು.

"ಕಾಕಾ, ಎಲ್ಲಾ ಒಣಗ್ಯಾವು."

"ನಾಕನೇ ದಿನಾನ ಒಣಗ್ಯಾವು," ಎಂದರು ಕಾಕಾ. "ಹೇಳಿದ್ರ ನೀ ಕಿಟಕಿ ಹಾಕ್ತಿದ್ದಿ."